ಸವಲತ್ತು ಇದೆ, ಹೇಳುವವರಿಲ್ಲ: ಮಲೆನಾಡಿನ ಪದವಿ ವಿದ್ಯಾರ್ಥಿಗಳ ಪಾಡು

ಸಕಲೇಶಪುರ: ಹೆತ್ತೂರು, ಯಸಳೂರು ಅಥವಾ ಹಾನುಬಾಳು ಹೋಬಳಿಯ ಯಾವುದೋ ಕಾಫಿ ತೋಟದ ಲೈನ್ ಮನೆಯಿಂದ ಮಂಜು ಹರಿಯುವ ಮುನ್ನವೇ ಹೊರಟು ಪದವಿ ಕಾಲೇಜಿಗೆ ಬರುವ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ತಂದೆ-ತಾಯಿ ತೋಟದ ಕಾರ್ಮಿಕರು. ಎಸ್ಸೆಸ್ಸೆಲ್ಸಿಯನ್ನೂ ಪಿಯುಸಿಯನ್ನೂ ಆಕೆ ಸರ್ಕಾರಿ ಸಂಸ್ಥೆಗಳಲ್ಲೇ ಓದಿದ್ದಾಳೆ. ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿಗಳು. ಇಂಥ ವಿದ್ಯಾರ್ಥಿನಿಗೆ ನಿಯಮಾನುಸಾರ ದೊರೆಯಬಹುದಾದ ನೆರವನ್ನು ಲೆಕ್ಕ ಹಾಕುತ್ತ ಹೋದರೆ ಆರೇಳು ಬಾಗಿಲುಗಳು ಕಾಣುತ್ತವೆ. ಅವುಗಳಲ್ಲಿ ಎಷ್ಟನ್ನು ಅವಳು ತಟ್ಟುತ್ತಾಳೆ ಎಂಬುದು ಅವಳ ಅಂಕಗಳಿಂದ ನಿರ್ಧಾರವಾಗುವುದಿಲ್ಲ. ಕಾಲೇಜಿನಲ್ಲಿ ಅವಳು ಯಾರನ್ನು ಕೇಳಿದಳು ಎಂಬುದರಿಂದ ನಿರ್ಧಾರವಾಗುತ್ತದೆ.

ಉನ್ನತ ಶಿಕ್ಷಣದ ಚರ್ಚೆಯಲ್ಲಿ ಈ ಸಂಗತಿ ಪ್ರಸ್ತಾಪವಾಗುವುದು ಅಪರೂಪ. ಹೊಸ ಕೋರ್ಸು, ಹೊಸ ಕಟ್ಟಡ, ಹೊಸ ವಿಶ್ವವಿದ್ಯಾಲಯಗಳ ಬಗ್ಗೆ ಮಾತು ನಡೆಯುತ್ತದೆ. ಇರುವ ಸವಲತ್ತನ್ನು ವಿದ್ಯಾರ್ಥಿಗೆ ಮುಟ್ಟಿಸುವ ವ್ಯಕ್ತಿ ಯಾರು, ಆತನಿಗೆ ಏನೇನು ಗೊತ್ತಿರಬೇಕು ಎಂಬ ಪ್ರಶ್ನೆ ಮಾತ್ರ ಹಿಂದುಳಿಯುತ್ತದೆ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ದಾಖಲಾತಿ ಪ್ರಮಾಣ ಶೇ. 36.2, ದೇಶದ ಸರಾಸರಿ ಶೇ. 28.4. ರಾಜ್ಯದ ಸಾಧನೆ ಕಡಿಮೆಯೇನಲ್ಲ. ಆದರೆ ದಾಖಲಾದವರಲ್ಲಿ ಎಷ್ಟು ಮಂದಿ ಮೂರನೆಯ ವರ್ಷದ ಪರೀಕ್ಷೆಗೆ ಕೂರುತ್ತಾರೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಮಲೆನಾಡಿನ ತಾಲ್ಲೂಕುಗಳಿಗೆ ಮುಖ್ಯವಾದದ್ದು ಅದೇ.

ಕಡತದಲ್ಲಿರುವ ಮಾರ್ಗದರ್ಶಕ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಶೈಕ್ಷಣಿಕ ಸಲಹೆಗಾರಿಕೆ ಒಂದು ಪ್ರತ್ಯೇಕ ವೃತ್ತಿ. ಅಲ್ಲಿನ ಸಲಹೆಗಾರರ ರಾಷ್ಟ್ರೀಯ ಸಂಘ ಸ್ಥಾಪನೆಯಾದದ್ದು 1979ರಲ್ಲಿ. ಪಠ್ಯ ಆಯ್ಕೆ, ಹಣಕಾಸು ನೆರವು, ಆಪ್ತಸಮಾಲೋಚನೆ, ಅಂಗವಿಕಲರ ಸೌಲಭ್ಯ ಇವೆಲ್ಲಕ್ಕೂ ವಿದ್ಯಾರ್ಥಿಯನ್ನು ಸರಿಯಾದ ಕಚೇರಿಗೆ ಕಳುಹಿಸುವುದೇ ಅವರ ಕೆಲಸ. ನಮ್ಮಲ್ಲಿ ಈ ಕೆಲಸ ಅಧ್ಯಾಪಕರ ಮೇಲೆಯೇ ಬಿದ್ದಿದೆ. ನ್ಯಾಕ್ ಮೌಲ್ಯಮಾಪನದಲ್ಲಿ ಮಾರ್ಗದರ್ಶಕರಿಗೂ ವಿದ್ಯಾರ್ಥಿಗಳಿಗೂ ಇರುವ ಅನುಪಾತದ ಲೆಕ್ಕ ಕೇಳುವ ಪದ್ಧತಿ ಬಂದ ಮೇಲೆ ಕಾಲೇಜುಗಳಲ್ಲಿ ‘ಮೆಂಟರ್-ಮೆಂಟಿ’ ಕಡತಗಳು ಸಿದ್ಧವಾದವು. ಇಪ್ಪತ್ತೈದೋ ಮೂವತ್ತೋ ವಿದ್ಯಾರ್ಥಿಗಳನ್ನು ಒಬ್ಬ ಅಧ್ಯಾಪಕರಿಗೆ ಹಂಚಿ, ಹೆಸರು, ವಿಳಾಸ, ಸಹಿ ಪಡೆದರೆ ಕಡತ ಪೂರ್ಣ. ಅನುಪಾತವನ್ನು ಅಳೆಯಬಹುದು, ಆ ಅಧ್ಯಾಪಕರಿಗೆ ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಗೊತ್ತಿತ್ತೇ ಎಂಬುದನ್ನು ಅಳೆಯುವ ಕಾಲಂ ಇಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ಬಹುಪಾಲು ಹೊರೆ ಹೊತ್ತಿರುವವರು ಅತಿಥಿ ಉಪನ್ಯಾಸಕರು. ಅವರ ಸಂಖ್ಯೆ ಹತ್ತು ಸಾವಿರಕ್ಕೂ ಹೆಚ್ಚು. ನೇಮಕ ವರ್ಷದಿಂದ ವರ್ಷಕ್ಕೆ. 2022ರಲ್ಲಿ ಗೌರವಧನ ಹೆಚ್ಚಿಸಿದಾಗ ವಾರದ ಬೋಧನಾವಧಿಯನ್ನು 15 ಗಂಟೆಗೆ ಏರಿಸಲಾಯಿತು. ಸೇವಾ ಭದ್ರತೆಗಾಗಿ 2023ರ ನವೆಂಬರ್‌ನಿಂದ ಅವರು ತರಗತಿ ಬಹಿಷ್ಕರಿಸಿ ವಾರಗಟ್ಟಲೆ ಧರಣಿ ಕುಳಿತದ್ದನ್ನು ರಾಜ್ಯ ಕಂಡಿದೆ. ಗೌರವಧನ ಮತ್ತೆ ಏರಿತು, ನೇಮಕಾತಿಯ ಸ್ವರೂಪ ಬದಲಾಗಲಿಲ್ಲ. ಸೆಮಿಸ್ಟರ್ ಮುಗಿದೊಡನೆ ಕೆಲಸವೂ ಮುಗಿಯುವ, ಮುಂದಿನ ವರ್ಷ ಇದೇ ಕಾಲೇಜಿಗೆ ಬರುತ್ತೇನೆಂಬ ಖಾತ್ರಿಯಿಲ್ಲದ ಉಪನ್ಯಾಸಕ ಮೂವತ್ತು ವಿದ್ಯಾರ್ಥಿಗಳ ಮಾರ್ಗದರ್ಶಕ. ಕಷ್ಟಪಟ್ಟು ಪೋರ್ಟಲುಗಳ ಒಳದಾರಿ ಕಲಿತರೂ ಆ ತಿಳಿವಳಿಕೆ ಆತನ ಜೊತೆಯಲ್ಲೇ ಊರು ಬಿಡುತ್ತದೆ. ಆತನನ್ನು ದೂರುವುದು ನ್ಯಾಯವಲ್ಲ. ಪಾಠಕ್ಕೆ ಗೌರವಧನ ಇದೆ, ಮಾರ್ಗದರ್ಶನಕ್ಕೆ ಇಲ್ಲ.

ಮೂರು ವಾರದ ಕಿಂಡಿ

ಮೊದಲು ಹಣದ ವಿಚಾರ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಸಹಯೋಗದಲ್ಲಿ ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ‘ದೀಪಿಕಾ’ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯುಸಿಯನ್ನು ಸರ್ಕಾರಿ ಸಂಸ್ಥೆಗಳಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದ ವಿದ್ಯಾರ್ಥಿನಿಯರಿಗೆ ವರ್ಷಕ್ಕೆ 30,000 ರೂಪಾಯಿ, ಕೋರ್ಸು ಮುಗಿಯುವವರೆಗೂ. ಮಲೆನಾಡಿನ ತಾಲ್ಲೂಕು ಕಾಲೇಜಿನ ಹೆಣ್ಣುಮಕ್ಕಳನ್ನು ಕಣ್ಣಮುಂದಿಟ್ಟುಕೊಂಡೇ ಬರೆದಂತಿದೆ ಈ ಷರತ್ತು. ಆದರೆ ಮೊದಲ ಸುತ್ತಿನ ಅರ್ಜಿಗೆ ಸಿಕ್ಕಿದ್ದು ಸೆಪ್ಟೆಂಬರ್‌ನ ಸುಮಾರು ಮೂರು ವಾರ ಮಾತ್ರ. ಘಟ್ಟದ ಅಂಚಿನ ಊರುಗಳಲ್ಲಿ ಮಳೆಗೆ ವಿದ್ಯುತ್ತೂ ಮೊಬೈಲ್ ಸಂಪರ್ಕವೂ ಕೈಕೊಡುವ ಕಾಲವದು. ತರಗತಿಯಲ್ಲಿ ಒಬ್ಬ ಅಧ್ಯಾಪಕರು ಎರಡು ನಿಮಿಷ ಮೀಸಲಿಟ್ಟು ಹೇಳಿದ ಕಾಲೇಜಿಗೂ ಹೇಳದ ಕಾಲೇಜಿಗೂ ಇರುವ ಅಂತರ, ಒಬ್ಬ ವಿದ್ಯಾರ್ಥಿನಿಗೆ ಮೂರು ವರ್ಷಕ್ಕೆ 90,000 ರೂಪಾಯಿ.

ಕೇಂದ್ರ ವಲಯದ ವಿದ್ಯಾರ್ಥಿವೇತನದ ಕಥೆ ಬೇರೆ. ಪಿಯುಸಿಯಲ್ಲಿ ತಮ್ಮ ವಿಭಾಗದ ಉತ್ತೀರ್ಣರ ಪೈಕಿ ಮೇಲಿನ ಶೇ. 20ರೊಳಗೆ ಬಂದ, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದವರಿಗೆ ಪದವಿಯಲ್ಲಿ ವರ್ಷಕ್ಕೆ 12,000 ರೂಪಾಯಿ. ಅರ್ಜಿ ರಾಷ್ಟ್ರೀಯ ಪೋರ್ಟಲಿನಲ್ಲಿ. ಪ್ರತಿವರ್ಷ ನವೀಕರಣಕ್ಕೆ ಶೇ. 50 ಅಂಕ ಮತ್ತು ಶೇ. 75 ಹಾಜರಾತಿ ಬೇಕು. ಬೇರೆ ವಿದ್ಯಾರ್ಥಿವೇತನ ಪಡೆಯುತ್ತಿದ್ದರೆ ಇದು ಸಿಗುವುದಿಲ್ಲ. ಇಲ್ಲಿಯೇ ಮಾರ್ಗದರ್ಶಕರ ಅಗತ್ಯ ಎದ್ದು ಕಾಣುವುದು. ಯಾವುದನ್ನು ಬಿಟ್ಟು ಯಾವುದನ್ನು ಹಿಡಿಯಬೇಕೆಂದು ಹದಿನೆಂಟರ ವಯಸ್ಸಿನ ವಿದ್ಯಾರ್ಥಿ ಸೈಬರ್ ಕೇಂದ್ರದ ಕುರ್ಚಿಯಲ್ಲಿ ಕುಳಿತು ತೀರ್ಮಾನಿಸಬೇಕಾಗಿದೆ. ಸಲಹೆ ಕೊಡುವವರು ಕೇಂದ್ರದ ಮಾಲೀಕರು.

ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ‘ವಿದ್ಯಾಸಿರಿ’ಯೂ ಹಾಗೆಯೇ. ಹಾಸ್ಟೆಲಿನಲ್ಲಿ ಸ್ಥಾನ ಸಿಗದ ವಿದ್ಯಾರ್ಥಿಗೆ ಊಟ-ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ನೆರವು ನೀಡಲು ರೂಪಿಸಿದ ಯೋಜನೆ ಇದು. ಹಾಸ್ಟೆಲ್ ಸಿಕ್ಕವರಿಗೆ ಇದಿಲ್ಲ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕೇಂದ್ರದ ಆದಾಯ ಮಿತಿ 2.5 ಲಕ್ಷ ರೂಪಾಯಿ. ಇವೆಲ್ಲವೂ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕ. ಅರ್ಜಿ ತಿರಸ್ಕೃತವಾಗಲು ಅರ್ಹತೆಯೇ ಇಲ್ಲದಿರಬೇಕೆಂದಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುವುದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿರುವುದು. ಕಾಲೇಜಿನ ಹಂತದ ಇ-ದೃಢೀಕರಣ ಬಾಕಿ ಉಳಿದಿರುವುದು. ಇಂಥ ಸಣ್ಣ ಕಾರಣಗಳೇ ಸಾಕು. ತೋಟದ ಕೆಲಸಕ್ಕೆ ಊರಿಂದ ಊರಿಗೆ ಹೋಗುವ ಕುಟುಂಬಗಳಲ್ಲಿ ದಾಖಲೆಗಳ ಈ ಹೊಂದಾಣಿಕೆ ಇಲ್ಲದಿರುವುದು ಸಾಮಾನ್ಯ. ಜೂನ್‌ನಲ್ಲೇ ಒಂದು ದಿನ ದಾಖಲೆ ಪರಿಶೀಲನೆಗೆ ಇಟ್ಟರೆ ಅಕ್ಟೋಬರ್‌ನ ಪರದಾಟ ತಪ್ಪುತ್ತದೆ.

2021ರಲ್ಲಿ ಜಾರಿಗೆ ಬಂದ ರೈತ ವಿದ್ಯಾನಿಧಿ ಮಲೆನಾಡಿನಲ್ಲಿ ಮುಗ್ಗರಿಸುವ ಜಾಗವೇ ಬೇರೆ. ಈ ನೆರವು ರೈತರ ಗುರುತಿನ ಸಂಖ್ಯೆಗೆ ಜೋಡಣೆಯಾದದ್ದು. ಆಲೂರು, ಸಕಲೇಶಪುರ ಕಡೆ ಜಮೀನು ಇನ್ನೂ ಅಜ್ಜನ ಹೆಸರಿನಲ್ಲೇ ಇರುವ, ಪೌತಿ ಖಾತೆಯಾಗದ ಕುಟುಂಬಗಳು ಹಲವು. ಬಗರ್‌ಹುಕುಂ ಅರ್ಜಿ ಹಾಕಿ ಕಾದಿರುವ ಸಾಗುವಳಿದಾರನಿಗಂತೂ ಪಹಣಿಯೇ ಇಲ್ಲ. ಎರಡು ಎಕರೆ ಕಾಫಿ, ಮೆಣಸು ಬೆಳೆಯುವ ಮನೆಯ ಮಗ ಕಾಗದದ ಮೇಲೆ ರೈತನ ಮಗನಲ್ಲ. ಇದನ್ನು ಉಪನ್ಯಾಸಕ ಸರಿಪಡಿಸಲಾರ. ಆದರೆ ತೊಡಕು ಕಂದಾಯ ಕಚೇರಿಯಲ್ಲಿದೆ, ಪೋರ್ಟಲಿನಲ್ಲಿ ಅಲ್ಲ ಎಂದು ಹೇಳಬಲ್ಲ. ಅಷ್ಟು ಹೇಳಿದರೂ ವಿದ್ಯಾರ್ಥಿಯ ಒಂದು ವರ್ಷ ಉಳಿಯುತ್ತದೆ.

ಈ ಭಾಗಕ್ಕೇ ವಿಶೇಷವಾದ ಮತ್ತೆರಡು ಮೂಲಗಳಿವೆ. ಕಾಫಿ ತೋಟದ ಕಾರ್ಮಿಕರ ಮಕ್ಕಳ ಶಿಕ್ಷಣಕ್ಕೆ ಕಾಫಿ ಮಂಡಳಿ ಪ್ರೋತ್ಸಾಹಧನ ನೀಡುತ್ತ ಬಂದಿದೆ. ಪ್ಲಾಂಟೇಶನ್ ಕಾರ್ಮಿಕರೂ ಒಳಗೊಂಡಂತೆ ಸಂಘಟಿತ ವಲಯದ ಕಾರ್ಮಿಕರ ಮಕ್ಕಳಿಗೆ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಯ ಶೈಕ್ಷಣಿಕ ಧನಸಹಾಯವಿದೆ. ಎರಡಕ್ಕೂ ತೋಟದ ಆಡಳಿತದಿಂದ ದೃಢೀಕರಣ ಬೇಕು. ದಿನಗೂಲಿ ಲೆಕ್ಕದಲ್ಲಿ, ಯಾವ ಹಾಜರಿ ಪುಸ್ತಕಕ್ಕೂ ಸೇರದೆ ದುಡಿಯುವ ಕಾರ್ಮಿಕನ ಮಗಳಿಗೆ ಆ ಕಾಗದ ತರುವುದೇ ಪರೀಕ್ಷೆ. ಕಾಲೇಜಿನ ಮೊಹರಿರುವ ಒಂದು ಪತ್ರ ಮಾಲೀಕರ ಬಂಗಲೆಯ ಗೇಟು ತೆರೆಸಬಹುದು. ಅಪ್ಪನ ಬಿನ್ನಹಕ್ಕೆ ಅಷ್ಟು ಬಲವಿಲ್ಲ.

ಆನೆ, ಮಳೆ, ಹಾಜರಾತಿ

ಶೇ. 75 ಹಾಜರಾತಿ ಎಂಬ ಅಂಕಿ ಬಯಲುಸೀಮೆಯಲ್ಲಿ ಒಂದು ಅರ್ಥ ಕೊಟ್ಟರೆ ಇಲ್ಲಿ ಇನ್ನೊಂದು. ಮುಂಗಾರಿನಲ್ಲಿ ಶಿರಾಡಿ ಘಾಟಿಯ ಸುತ್ತ ಗುಡ್ಡ ಜರಿದರೆ ಬಸ್ಸು ನಿಲ್ಲುತ್ತದೆ. 2024ರ ಜುಲೈನಲ್ಲಿ ದೋಣಿಗಾಲ್ ಬಳಿ ಕಂಡದ್ದು ಇದನ್ನೇ. ನವೆಂಬರ್‌ನಿಂದ ಅರೇಬಿಕಾ, ಜನವರಿಯ ನಂತರ ರೋಬಸ್ಟಾ ಕೊಯ್ಲು. ಕೂಲಿ ಹೆಚ್ಚು ಸಿಗುವ ಆ ದಿನಗಳಲ್ಲಿ ಕಾರ್ಮಿಕರ ಮಕ್ಕಳು ತರಗತಿಯಲ್ಲಿರಬೇಕೆಂದು ನಿರೀಕ್ಷಿಸುವುದು ಸುಲಭ, ಇರುವುದು ಕಷ್ಟ. ಇವೆರಡರ ಮೇಲೆ ಕಾಡಾನೆ. ಆಲೂರು, ಸಕಲೇಶಪುರ, ಬೇಲೂರು ಭಾಗದಲ್ಲಿ ಆನೆ-ಮಾನವ ಸಂಘರ್ಷ ದಶಕಗಳ ಹಳೆಯದು. ದಸರಾ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಪ್ರಾಣ ಬಿಟ್ಟ ಮೇಲಷ್ಟೇ ಈ ಸಮಸ್ಯೆಯತ್ತ ರಾಜ್ಯದ ಗಮನ ಹರಿದದ್ದು. ತೋಟದ ದಾರಿಯಲ್ಲಿ ಹಿಂಡು ನಿಂತಿದೆ ಎಂಬ ಸುದ್ದಿ ಬಂದ ದಿನ ಮಗಳನ್ನು ಕಾಲೇಜಿಗೆ ಕಳುಹಿಸುವ ತಾಯಿ ಯಾರು?

ಹಾಜರಾತಿ ಪುಸ್ತಕದಲ್ಲಿ ಇವೆಲ್ಲಕ್ಕೂ ಒಂದೇ ಗುರುತು: ಗೈರು. ಹಾಜರಾತಿ ಕುಸಿದರೆ ಪರೀಕ್ಷೆಗೆ ಪ್ರವೇಶವಿಲ್ಲ, ವಿದ್ಯಾರ್ಥಿವೇತನದ ನವೀಕರಣವೂ ಇಲ್ಲ. ಕಾರಣವನ್ನು ಆಯಾ ತಿಂಗಳಲ್ಲೇ ಬರೆದಿಟ್ಟುಕೊಳ್ಳುವ ಮಾರ್ಗದರ್ಶಕರಿದ್ದರೆ ಸೆಮಿಸ್ಟರ್ ಕೊನೆಯಲ್ಲಿ ಪ್ರಾಂಶುಪಾಲರ ಮುಂದೆ ಮಂಡಿಸಲು ಏನಾದರೂ ಇರುತ್ತದೆ. ಇಲ್ಲದಿದ್ದರೆ ವಿದ್ಯಾರ್ಥಿಯ ಮಾತಿಗೆ ಪುರಾವೆಯಿಲ್ಲ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಡಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಯಿತು. ಆದರೆ ಚೀಟಿ ಉಚಿತವಾದ ಮಾತ್ರಕ್ಕೆ ಹೋಬಳಿಯ ಒಳಹಳ್ಳಿಗೆ ಬಸ್ಸು ಬರುವುದಿಲ್ಲ.

ಯಾವ ವಿಶ್ವವಿದ್ಯಾಲಯ, ಯಾವ ಪಠ್ಯಕ್ರಮ

ವಿಶ್ವವಿದ್ಯಾಲಯದ ಮಟ್ಟದಲ್ಲಿ ನಡೆದ ಬದಲಾವಣೆಗಳು ಗೊಂದಲವನ್ನು ಹೆಚ್ಚಿಸಿವೆ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ಹೇಮಗಂಗೋತ್ರಿ ಸ್ನಾತಕೋತ್ತರ ಕೇಂದ್ರವನ್ನೇ ನೆಲೆಯಾಗಿಸಿಕೊಂಡು ಹಾಸನ ವಿಶ್ವವಿದ್ಯಾಲಯ ರೂಪುಗೊಂಡಿತು. 2022ರ ಕಾಯ್ದೆ ತಿದ್ದುಪಡಿಯ ಮೂಲಕ ಅಸ್ತಿತ್ವಕ್ಕೆ ಬಂದ ಏಳು ವಿಶ್ವವಿದ್ಯಾಲಯಗಳಲ್ಲಿ ಇದೂ ಒಂದು; 2023ರ ಮಾರ್ಚ್‌ನಲ್ಲಿ ಉದ್ಘಾಟನೆ. ಎರಡು ವರ್ಷ ತುಂಬುವ ಮುನ್ನವೇ, 2025ರ ಫೆಬ್ರವರಿಯಲ್ಲಿ, ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಹಾಸನವೂ ಸೇರಿದಂತೆ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಲು ಶಿಫಾರಸು ಮಾಡಿದ ಸುದ್ದಿ ಬಂತು. ಹಣಕಾಸು ಮತ್ತು ಸಿಬ್ಬಂದಿ ಕೊರತೆಯೇ ಕಾರಣವೆಂದು ಹೇಳಲಾಯಿತು. ವಿಶ್ವವಿದ್ಯಾಲಯದ ಹಣೆಬರಹದ ಚರ್ಚೆಯಲ್ಲಿ ಪರೀಕ್ಷೆ ಬಾಕಿ ಉಳಿಸಿಕೊಂಡ ಹಳೆಯ ವಿದ್ಯಾರ್ಥಿಯ ಪ್ರಶ್ನೆ ಕೇಳಿಸಲಿಲ್ಲ: ತನ್ನ ನೋಂದಣಿ ಯಾವ ವಿಶ್ವವಿದ್ಯಾಲಯದಲ್ಲಿದೆ, ಅಂಕಪಟ್ಟಿ ಎಲ್ಲಿಂದ ಬರುತ್ತದೆ?

ಪಠ್ಯಕ್ರಮದ್ದೂ ಇದೇ ಸ್ಥಿತಿ. ರಾಷ್ಟ್ರೀಯ ಶಿಕ್ಷಣ ನೀತಿ ರಾಜ್ಯದ ಪದವಿ ತರಗತಿಗಳಿಗೆ ಬಂದದ್ದು 2021-22ರಲ್ಲಿ. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇರೆಗೆ 2024ರ ಮೇ ತಿಂಗಳಲ್ಲಿ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ನಡುವಿನ ಮೂರು ತಂಡಗಳಿಗೆ ನಾಲ್ಕನೆಯ ವರ್ಷದ ಆನರ್ಸ್ ಅವಕಾಶ ಉಳಿಯಿತು. ಆದ್ದರಿಂದ 2023-24ರಲ್ಲಿ ಸೇರಿದವನಿಗೆ ಒಂದು ನಿಯಮ, ಮರುವರ್ಷ ಸೇರಿದ ಅವನ ತಂಗಿಗೆ ಇನ್ನೊಂದು. ಮೂರಕ್ಕೆ ಮುಗಿಸಿ ಬಿ.ಇಡಿ. ಸೇರಬೇಕೇ, ನಾಲ್ಕನೆಯ ವರ್ಷಕ್ಕೆ ಊರಾಚೆ ಕಾಲೇಜು ಹುಡುಕಬೇಕೇ ಎಂಬುದು ಖರ್ಚಿನ ಪ್ರಶ್ನೆಯೂ ಹೌದು. ಪ್ರವೇಶ, ಪರೀಕ್ಷಾ ಶುಲ್ಕ, ಫಲಿತಾಂಶ ಎಲ್ಲವೂ ಏಕೀಕೃತ ತಂತ್ರಾಂಶವಾದ ಯುಯುಸಿಎಂಎಸ್‌ನಲ್ಲಿ ಸಿಗುತ್ತವೆ. ನಿರ್ಧಾರ ಮಾತ್ರ ಸಿಗುವುದಿಲ್ಲ.

ಮನಸ್ಸಿನ ಮಾತು

ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಸುಖದೇಬ್ ಸಾಹಾ ಪ್ರಕರಣದಲ್ಲಿ ನೀಡಿದ 15 ಮಾರ್ಗಸೂಚಿಗಳು ತಾಲ್ಲೂಕು ಕಾಲೇಜಿಗೂ ಅನ್ವಯ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಬೇಕು. ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಔಪಚಾರಿಕ ಸಂಪರ್ಕ ಇಟ್ಟುಕೊಳ್ಳಬೇಕು. ಬೋಧಕ-ಬೋಧಕೇತರ ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕಡ್ಡಾಯ. ಶಾಸನ ಬರುವವರೆಗೂ ಇವು ಜಾರಿಯಲ್ಲಿರುತ್ತವೆ. ಬೋಧಕ ಹುದ್ದೆಗಳೇ ಖಾಲಿ ಇರುವ ಕಡೆ ಆಪ್ತಸಮಾಲೋಚಕರ ಹುದ್ದೆಯನ್ನು ಯಾರು ತುಂಬುತ್ತಾರೆ ಎಂಬ ಪ್ರಶ್ನೆ ಸಹಜ. ಆದರೆ ಹುದ್ದೆ ತುಂಬುವವರೆಗೆ ಕೈಕಟ್ಟಿ ಕೂರಬೇಕಾದ ಸ್ಥಿತಿಯೂ ಇಲ್ಲ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಕನ್ನಡದಲ್ಲೇ ಉಚಿತವಾಗಿ ಲಭ್ಯ. ಇದರ ಕೇಂದ್ರ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ. ಹೆಚ್ಚಿನ ಚಿಕಿತ್ಸೆಗೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ವಿದ್ಯಾರ್ಥಿ ಕಾಲೇಜಿನ ಹಿಂದಿನ ಬೆಂಚಿನಲ್ಲಿ ಮೌನವಾಗುತ್ತ ಹೋದದ್ದನ್ನು ಗಮನಿಸಿದ ಅಧ್ಯಾಪಕ ತಾನೇ ವೈದ್ಯನಾಗಬೇಕಿಲ್ಲ. ಮಂಗಳವಾರ ಯಾವಾಗ, ಯಾವ ಕೊಠಡಿ ಎಂದು ತಿಳಿದಿದ್ದು, ಬೇಕಾದರೆ ಜೊತೆಗೆ ನಡೆದು ಹೋದರೆ ಸಾಕು.

ಹಕ್ಕಿನ ವಿಚಾರವೂ ಇಲ್ಲಿಗೆ ಸೇರುತ್ತದೆ. ಯುಜಿಸಿಯ 2023ರ ನಿಯಮಾವಳಿಯಂತೆ ಕಾಲೇಜುಗಳಿಗೆ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ಸಮಾಧಾನವಾಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಮೂಲ ಅಂಕಪಟ್ಟಿಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಸ್ಪಷ್ಟಪಡಿಸಿದೆ. ರ‍್ಯಾಗಿಂಗ್ ವಿರುದ್ಧದ ರಾಷ್ಟ್ರೀಯ ಸಹಾಯವಾಣಿ 1800-180-5522. ಬರೆಯಲು ತೊಂದರೆಯಿರುವ ಅಂಗವಿಕಲ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂಬ 2018ರ ಕೇಂದ್ರ ಮಾರ್ಗಸೂಚಿಯನ್ನು ಪರೀಕ್ಷೆಯ ಹಿಂದಿನ ದಿನ ನೆನಪಿಸಿಕೊಂಡರೆ ಪ್ರಯೋಜನವಿಲ್ಲ.

ಖರ್ಚಿಲ್ಲದ ದಾರಿ

ಇದಕ್ಕೆಲ್ಲ ಹೊಸ ಯೋಜನೆ ಬೇಕೆಂಬ ವಾದ ಒಪ್ಪತಕ್ಕದ್ದಲ್ಲ. ಯುಜಿಸಿ 2019ರಲ್ಲಿ ರೂಪಿಸಿದ ‘ದೀಕ್ಷಾರಂಭ’ ಎಂಬ ಪ್ರವೇಶಾರಂಭ ಕಾರ್ಯಕ್ರಮ ಕಾಗದದ ಮೇಲೆ ಎಲ್ಲ ಕಾಲೇಜುಗಳಿಗೂ ಇದೆ. ಆ ದಿನಗಳಲ್ಲಿ ಅತಿಥಿಗಳ ಭಾಷಣಕ್ಕೆ ಕೊಡುವ ಅವಧಿಯಲ್ಲಿ ಅರ್ಧವನ್ನು ದಾಖಲೆ ಪರಿಶೀಲನೆಗೆ ಕೊಟ್ಟರೆ ಕೆಲಸ ಆರಂಭವಾಗುತ್ತದೆ. ದಿನಾಂಕ, ದಾಖಲೆ, ಒಂದಿದ್ದರೆ ಇನ್ನೊಂದಿಲ್ಲ ಎಂಬ ಷರತ್ತುಗಳನ್ನೆಲ್ಲ ಒಂದು ವಹಿಯಲ್ಲಿ ಬರೆದು, ಅದನ್ನು ವ್ಯಕ್ತಿಯ ಕೈಯಲ್ಲಿಡದೆ ಗ್ರಂಥಾಲಯದಲ್ಲಿಟ್ಟರೆ ಅತಿಥಿ ಉಪನ್ಯಾಸಕ ಬದಲಾದರೂ ಮಾಹಿತಿ ಉಳಿಯುತ್ತದೆ. ಜಿಲ್ಲಾ ಮಟ್ಟದಲ್ಲಿ ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಕಾರ್ಮಿಕ ಇಲಾಖೆ ಮತ್ತು ಕಾಫಿ ಮಂಡಳಿಯವರು ವರ್ಷಕ್ಕೊಮ್ಮೆ ಕಾಲೇಜಿಗೇ ಬಂದು ಕುಳಿತುಕೊಳ್ಳುವಂತೆ ಮಾಡಲು ಜಿಲ್ಲಾಧಿಕಾರಿಗಳ ಒಂದು ಸುತ್ತೋಲೆ ಸಾಕು. ಮಾರ್ಗದರ್ಶನಕ್ಕೆ ವ್ಯಯಿಸುವ ಗಂಟೆಗಳನ್ನು ಅತಿಥಿ ಉಪನ್ಯಾಸಕರ ಕಾರ್ಯಭಾರದಲ್ಲಿ ಲೆಕ್ಕಕ್ಕೆ ಹಿಡಿಯುವುದು ಮಾತ್ರ ಸರ್ಕಾರದ ಕೈಯಲ್ಲಿದೆ. ಕೆಲಸವೆಂದು ಒಪ್ಪಿಕೊಳ್ಳದಿರುವುದನ್ನು ಮಾಡಿಸಿಕೊಳ್ಳುವುದಕ್ಕೂ ಮಿತಿಯಿದೆ.

ಈಗಾಗಲೇ ಕಾಲೇಜು ಬಿಟ್ಟು ತೋಟದ ಕೆಲಸಕ್ಕೋ ಬೆಂಗಳೂರಿನ ಗಾರ್ಮೆಂಟ್ಸ್‌ಗೋ ಸೇರಿದವರಿಗೂ ದಾರಿ ಪೂರ್ತಿ ಮುಚ್ಚಿಲ್ಲ. 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಹಾಸನದಲ್ಲಿ ಪ್ರಾದೇಶಿಕ ಕೇಂದ್ರವಿದೆ. ವರ್ಷದಲ್ಲಿ ಎರಡು ಆವೃತ್ತಿಗಳಲ್ಲಿ ಪ್ರವೇಶ ನಡೆಯುತ್ತದೆ. ಬಿಟ್ಟುಹೋದವರನ್ನು ಹುಡುಕಲು ಸಮೀಕ್ಷೆ ಬೇಕಿಲ್ಲ. ಅವರ ಮನೆಯ ದೂರವಾಣಿ ಸಂಖ್ಯೆ ಕಾಲೇಜಿನ ಪ್ರವೇಶ ವಹಿಯಲ್ಲೇ ಇದೆ.